ನಮ್ಮ ಕಡೆಯ ಶಾಸಕಿಯೊಬ್ಬರ ಬದುಕು ಬರೆಯಬೇಕು ಅಂತಿದ್ದೀರಾ? ಹೀಗೆ ಮಾಡಿ

ದಕ್ಷಿಣ ಕನ್ನಡದಲ್ಲಿ 8 ವಿಧಾನಸಭಾ ಕ್ಷೇತ್ರ, ಉಡುಪಿಯಲ್ಲಿ 5. ಒಟ್ಟು 13. 2018ರಲ್ಲಿ ಈ 13 ಕಡೆಯೂ ಗೆದ್ದವರು ಗಂಡಸರೇ. 2023ರಲ್ಲಿ ಒಬ್ಬರು ಬಂದರು, ಸುಳ್ಯದ ಭಾಗೀರಥಿ ಮುರುಳ್ಯ. ಆ ಸಲ ಇಡೀ ರಾಜ್ಯದ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು 10 ಜನ ಮಾತ್ರ. ಇಷ್ಟು ಕಡಿಮೆ ಜನ ಇದ್ದರೂ ನಮ್ಮ ಶಾಸಕಿಯರ ಬಗ್ಗೆ ಹುಡುಕಿದರೆ ಹೆಚ್ಚಾಗಿ ಸಿಗುವುದು ಹುಟ್ಟಿದ ಊರು, ಗಂಡನ ಹೆಸರು, ಪಕ್ಷ, ಗೆದ್ದ ವರ್ಷ, ಒಂದು ಸನ್ಮಾನದ ಫೋಟೊ. ಸದನದಲ್ಲಿ ಅವರು ಏನು ಕೇಳಿದರು, ಯಾವ ಫೈಲಿನ ಹಿಂದೆ ಬಿದ್ದರು, ಟಿಕೆಟ್ ಹೇಗೆ ಸಿಕ್ಕಿತು, ಹೇಗೆ ತಪ್ಪಿತು, ಸೋತ ಮೇಲೆ ಏನು ಮಾಡಿದರು, ಇದೆಲ್ಲ ಸಿಗುವುದು ಕಷ್ಟ. ಬರೆಯಬೇಕಾದದ್ದು ಮಾತ್ರ ಇದನ್ನೇ. ಕಾಲೇಜಿನ ಪ್ರಾಜೆಕ್ಟಿಗೋ, ಊರಿನ ಸ್ಮರಣ ಸಂಚಿಕೆಗೋ, ಅಥವಾ ಸುಮ್ನೆ ಆಸಕ್ತಿಯಿಂದಲೋ ಈ ಕೆಲಸಕ್ಕೆ ಕೈ ಹಾಕುವವರಿಗೆ ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತೇನೆ.

ಮೊದಲು ಒಬ್ಬರನ್ನು ಆರಿಸಿಕೊಳ್ಳಿ. ಎಲ್ಲರನ್ನೂ ಒಂದೇ ಲೇಖನದಲ್ಲಿ ತುರುಕಲು ಹೋಗಬೇಡಿ.

ಉಡುಪಿಯವರಾದರೆ ಮನೋರಮಾ ಮಧ್ವರಾಜ್ ಅವರ ಹೆಸರೇ ಮೊದಲು ನೆನಪಿಗೆ ಬರುತ್ತದೆ. ಉಡುಪಿ ಕ್ಷೇತ್ರದಿಂದ 1972, 1978, 1985, 1989 ಹೀಗೆ ನಾಲ್ಕು ಸಲ ಗೆದ್ದವರು, ರಾಜ್ಯದಲ್ಲಿ ಮಂತ್ರಿಯಾಗಿದ್ದವರು. ಕಾಂಗ್ರೆಸ್ಸಿನಲ್ಲಿ ಅಷ್ಟು ವರ್ಷ ಇದ್ದು 2004ರಲ್ಲಿ ಬಿಜೆಪಿಯಿಂದ ಲೋಕಸಭೆಗೆ ಹೋದರು. ಪತಿ ಮಲ್ಪೆ ಮಧ್ವರಾಜರೂ ಶಾಸಕರಾಗಿದ್ದವರು, ಮಗ ಪ್ರಮೋದ್ ಮಧ್ವರಾಜ್ 2013ರಲ್ಲಿ ಅದೇ ಉಡುಪಿಯಿಂದ ಗೆದ್ದರು. ಇಲ್ಲಿ ಒಂದು ಎಚ್ಚರ ಬೇಕು. ಇಂಥ ಮನೆತನದ ಕತೆ ಬರೆಯುವಾಗ ಗಂಡನಿಂದ ಶುರುವಾಗಿ ಮಗನಲ್ಲಿ ಮುಗಿದುಬಿಡುತ್ತದೆ, ನಡುವಿನ ನಾಲ್ಕು ಗೆಲುವು ಒಂದೇ ಸಾಲಿಗೆ ಇಳಿಯುತ್ತದೆ. ಮನೆತನದ ವಿಷಯ ಮುಚ್ಚಿಡಬೇಡಿ, ಅದರಿಂದ ಅನುಕೂಲ ಆಗಿದ್ದರೆ ಅದನ್ನೂ ಬರೆಯಿರಿ, ಆದರೆ ನಾಲ್ಕು ಸಲ ಜನ ಓಟು ಹಾಕಿದ್ದು ಇವರಿಗೇ ಅಲ್ವಾ, ಜಾಗವೂ ಅದಕ್ಕೇ ಜಾಸ್ತಿ ಸಿಗಲಿ.

ಪುತ್ತೂರಿನವರಿಗೆ ಇನ್ನೂ ಒಳ್ಳೆಯ ವಿಷಯ ಇದೆ. 2004ರಲ್ಲಿ ಬಿಜೆಪಿಯ ಶಕುಂತಳಾ ಶೆಟ್ಟಿ ಗೆದ್ದರು. 2008ರಲ್ಲಿ ಅವರಿಗೆ ಟಿಕೆಟ್ ತಪ್ಪಿತು, ಪಕ್ಷೇತರರಾಗಿ ನಿಂತು ಸೋತರು. ಆ ಸಲ ಬಿಜೆಪಿಯಿಂದ ಗೆದ್ದವರು ಮಲ್ಲಿಕಾ ಪ್ರಸಾದ್. 2013ರಲ್ಲಿ ಶಕುಂತಳಾ ಶೆಟ್ಟಿ ಕಾಂಗ್ರೆಸ್ಸಿನಿಂದ ಮತ್ತೆ ಗೆದ್ದರು. ಲೆಕ್ಕ ಹಾಕಿ ನೋಡಿ, 2004ರಿಂದ 2018ರ ತನಕ ಪುತ್ತೂರಿಗೆ ಸತತವಾಗಿ ಶಾಸಕಿಯರೇ. 2008ರಲ್ಲೂ 2013ರಲ್ಲೂ ಎರಡೂ ಜಿಲ್ಲೆಯಿಂದ ವಿಧಾನಸಭೆಯಲ್ಲಿ ಕೂತ ಒಬ್ಬಳೇ ಹೆಣ್ಣು ಪುತ್ತೂರಿನವಳು. ಒಂದು ಪಕ್ಷ ಟಿಕೆಟ್ ಕೊಡದಿದ್ದರೂ ಕ್ಷೇತ್ರ ಕೈಬಿಡದೆ, ಇನ್ನೊಂದು ಪಕ್ಷದಿಂದ ಅದೇ ಜನರ ಮುಂದೆ ಮತ್ತೆ ಹೋಗಿ ಗೆಲ್ಲುವುದು ಸಣ್ಣ ಮಾತಲ್ಲ. ನಾನು ಇಂದು ಹೊಸದಾಗಿ ಶುರು ಮಾಡುವುದಿದ್ದರೆ 2008ರಿಂದ 2013ರ ನಡುವಿನ ಆ ಐದು ವರ್ಷವನ್ನೇ ಹಿಡಿದುಕೊಳ್ಳುತ್ತಿದ್ದೆ.

ಸುಳ್ಯ ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರ. ಅಲ್ಲಿ ಎಸ್. ಅಂಗಾರ ಆರು ಸಲ ಶಾಸಕರಾಗಿದ್ದರು. 2023ರಲ್ಲಿ ಆ ಟಿಕೆಟ್ ಭಾಗೀರಥಿ ಮುರುಳ್ಯರಿಗೆ ಬಂತು, ಅವರು ಅದಕ್ಕೆ ಮೊದಲು ಜಿಲ್ಲಾ ಪಂಚಾಯತ್ ಸದಸ್ಯೆಯಾಗಿದ್ದರು. ಇನ್ನು ಊರು ನಮ್ಮದಾಗಿ ಗೆದ್ದದ್ದು ಬೇರೆ ಕಡೆಯಿಂದ ಅನ್ನುವವರೂ ಇದ್ದಾರೆ. ಚಾರ್ವಾಕದ ಶೋಭಾ ಕರಂದ್ಲಾಜೆ 2008ರಲ್ಲಿ ವಿಧಾನಸಭೆಗೆ ಹೋದದ್ದು ಬೆಂಗಳೂರಿನ ಯಶವಂತಪುರದಿಂದ. ಮಂಗಳೂರಿನಲ್ಲಿ ಹುಟ್ಟಿದ ಜಯಮಾಲಾ ವಿಧಾನ ಪರಿಷತ್ತಿನ ಸದಸ್ಯೆಯಾಗಿ 2018ರಲ್ಲಿ ಮಂತ್ರಿಯಾದರು.

ಗೆದ್ದವರನ್ನೇ ಬರೆಯಬೇಕು ಅಂತಲೂ ಇಲ್ಲ. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲೇ ಮದ್ರಾಸ್ ಶಾಸನಸಭೆಗೆ ನಿಂತು ಸ್ವಲ್ಪದರಲ್ಲಿ ಸೋತವರು. ಹೆಣ್ಣೊಬ್ಬಳು ಚುನಾವಣೆಗೆ ನಿಲ್ಲುವುದೇ ಆಗ ದೊಡ್ಡ ಸುದ್ದಿ.

ವರ್ಷ ಸರಿಯಾಗಿ ಜೋಡಿಸಿಕೊಳ್ಳಿ

ಒಂದು ದೊಡ್ಡ ಹಾಳೆ ತೆಗೆದುಕೊಂಡು ಎಡಗಡೆ ಇಸವಿ, ಬಲಗಡೆ ಏನಾಯಿತು ಅಂತ ಬರೆಯುತ್ತಾ ಹೋಗಿ. ನಮ್ಮ ಕಡೆ ಇದರಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಒಂದು, ರಾಜ್ಯದ ಹೆಸರು ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ, ಹಾಗಾಗಿ 1972ರ ಚುನಾವಣೆಯ ವರದಿ ಬೇಕಾದರೆ ಮೈಸೂರು ಅಂತ ಹುಡುಕಬೇಕು. ಇನ್ನೊಂದು, ಉಡುಪಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮೊದಲಿನ ಕಾಗದಪತ್ರ ಎಲ್ಲ ಮಂಗಳೂರಿನ ಲೆಕ್ಕದಲ್ಲಿ ಇರುತ್ತದೆ. ಮೂರನೆಯದು ಕ್ಷೇತ್ರದ ಗಡಿ. 2008ಕ್ಕೆ ಕ್ಷೇತ್ರಗಳನ್ನು ಹೊಸದಾಗಿ ಹಂಚಿದಾಗ ಬ್ರಹ್ಮಾವರ, ವಿಟ್ಲ, ಸುರತ್ಕಲ್ ಅನ್ನುವ ಹೆಸರಿನ ಕ್ಷೇತ್ರಗಳೇ ಹೋದವು, ಊರುಗಳು ಪಕ್ಕದ ಕ್ಷೇತ್ರಕ್ಕೆ ಸೇರಿದವು. 1989ರ ಉಡುಪಿ ಕ್ಷೇತ್ರ ಮತ್ತು ಈಗಿನ ಉಡುಪಿ ಕ್ಷೇತ್ರ ಒಂದೇ ಅಂದುಕೊಂಡು ಓಟಿನ ಸಂಖ್ಯೆ ಹೋಲಿಸಿದರೆ ಪೂರ್ತಿ ತಪ್ಪಾಗುತ್ತದೆ.

ಹಿರಿಯರ ಹತ್ತಿರ ಮಾತಾಡುವಾಗ ಇಸವಿ ಕೇಳಿದರೆ ಬಾಯಿಗೆ ಬರುವುದಿಲ್ಲ. ಅವರ ಗುರುತುಗಳೇ ಬೇರೆ. "ಡಿಕ್ಲರೇಶನ್ ಕೊಟ್ಟ ವರ್ಷ" ಅಂದರೆ 1974ರ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಬಂದ ಮೇಲೆ ಗೇಣಿ ಒಕ್ಕಲುಗಳು ಅರ್ಜಿ ಹಾಕಿದ ಕಾಲ. "ನೆರೆ ಬಂದ ವರ್ಷ" ಅಂದರೆ ಬಂಟ್ವಾಳದ ಕಡೆಯವರಿಗೆ 1974 ಇರಬಹುದು, ಇನ್ನೂ ಹಿಂದಿನವರ ಬಾಯಲ್ಲಿ ಕೇಳಿದ್ದಾದರೆ 1923. ಉಡುಪಿಯಲ್ಲಂತೂ ಪರ್ಯಾಯವೇ ಕ್ಯಾಲೆಂಡರ್, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಎಂಟು ಮಠಗಳ ನಡುವೆ ಸರದಿಯಂತೆ ಬದಲಾಗುವುದು. ಪರ್ಯಾಯ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ಇಸವಿಯ ಜನವರಿ 18ಕ್ಕೆ ಬದಲಾಗುತ್ತದೆ, ಒಂದು ಮಠಕ್ಕೆ ಮತ್ತೆ ಸರದಿ ಬರುವುದು 16 ವರ್ಷಕ್ಕೆ. ಯಾರಾದರೂ "ಅದು ಪೇಜಾವರ ಪರ್ಯಾಯ, ಆಗಲೇ ಓಟು ಬಂದದ್ದು" ಅಂದರೆ ನಿಮ್ಮ ಕೈಯಲ್ಲಿ 1952, 1968, 1984, 2000, 2016 ಇಷ್ಟೇ ಆಯ್ಕೆ. ಮನೋರಮಾ ಅವರ ಗೆಲುವಿನ ಮಾತಾಗಿದ್ದರೆ ಅದು 1984ರ ಪರ್ಯಾಯ, ಅಂದರೆ 1985ರ ಮಾರ್ಚಿನ ಚುನಾವಣೆ. ಹೀಗೆ ಹಿಡಿದ ತಾರೀಕನ್ನು ಆಮೇಲೆ ಪತ್ರಿಕೆಯಲ್ಲಿ ನೋಡಿ ಖಚಿತ ಮಾಡಿಕೊಳ್ಳಿ.

ಕಾಗದ ಎಲ್ಲೆಲ್ಲಿ ಇರುತ್ತದೆ

ಚುನಾವಣಾ ಆಯೋಗದ ಅಂಕಿಅಂಶ ವರದಿಯಿಂದ ಶುರು ಮಾಡಿ. ಪ್ರತಿ ಚುನಾವಣೆಗೂ ಒಂದು ವರದಿ ಇರುತ್ತದೆ, ಅಭ್ಯರ್ಥಿ ಹೆಸರಿನ ಪಕ್ಕದಲ್ಲೇ ಗಂಡು ಹೆಣ್ಣು ಅಂತ ಗುರುತು ಇರುತ್ತದೆ, ಸೋತವರೂ ಅದರಲ್ಲಿ ಇರುತ್ತಾರೆ. ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಪ್ರತಿ ಸಲ ಎಷ್ಟು ಹೆಂಗಸರು ನಿಂತರು, ಠೇವಣಿ ಉಳಿಯಿತಾ, ಎರಡನೇ ಸ್ಥಾನಕ್ಕೆ ಬಂದವರು ಯಾರು, ಎಲ್ಲ ಗೊತ್ತಾಗುತ್ತದೆ.

2004ರಿಂದ ಈಚೆಗೆ ಪ್ರತಿ ಅಭ್ಯರ್ಥಿಯ ಅಫಿಡವಿಟ್ ಸಿಗುತ್ತದೆ, ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಅದು ಕಡ್ಡಾಯವಾದದ್ದು. ಓದು, ಆಸ್ತಿ, ಸಾಲ, ಕೇಸು, ಗಂಡನ ಹೆಸರಿನಲ್ಲಿ ಎಷ್ಟು, ತನ್ನ ಹೆಸರಿನಲ್ಲಿ ಎಷ್ಟು, ಎಲ್ಲವೂ ಅವರೇ ಪ್ರಮಾಣ ಮಾಡಿ ಕೊಟ್ಟದ್ದು. ಒಬ್ಬರೇ ಎರಡು ಮೂರು ಸಲ ನಿಂತಿದ್ದರೆ ಆ ಅಫಿಡವಿಟ್‌ಗಳನ್ನು ಪಕ್ಕಪಕ್ಕ ಇಟ್ಟು ಓದಿ.

ಪತ್ರಿಕೆಗಳ ಹಳೆ ಸಂಚಿಕೆ ನೋಡದೆ ಈ ಕೆಲಸ ಆಗುವುದೇ ಇಲ್ಲ. ಉದಯವಾಣಿ 1970ರಲ್ಲಿ ಮಣಿಪಾಲದಿಂದ ಶುರುವಾಯಿತು. ಅದಕ್ಕಿಂತ ಹಿಂದಿನದಕ್ಕೆ ಮಂಗಳೂರಿನ ನವಭಾರತ, 1984ರ ನಂತರಕ್ಕೆ ಮುಂಗಾರು, ಸುಳ್ಯ ಪುತ್ತೂರು ಬೆಳ್ತಂಗಡಿ ಕಡೆಗೆ ಸುದ್ದಿ ಬಿಡುಗಡೆ. ರಾಜ್ಯ ಪತ್ರಿಕೆಯಲ್ಲಿ ನಿಮ್ಮ ಶಾಸಕಿ ಎರಡು ಸಾಲಿನ ಸುದ್ದಿ ಆಗಿದ್ದರೆ ತಾಲೂಕಿನ ಪತ್ರಿಕೆಯಲ್ಲಿ ಆಕೆ ಯಾವ ರಸ್ತೆಯ ಗುದ್ದಲಿಪೂಜೆಗೆ ಬಂದಿದ್ದರು, ಯಾರು ಧಿಕ್ಕಾರ ಕೂಗಿದರು ಎನ್ನುವುದರ ತನಕ ಇರುತ್ತದೆ. ಮಂಗಳೂರಿನ ಬಾವುಟಗುಡ್ಡೆಯ ಗ್ರಂಥಾಲಯ, ಕೊಣಾಜೆಯ ವಿಶ್ವವಿದ್ಯಾನಿಲಯದ ಗ್ರಂಥಾಲಯ, ಹಳೆ ಕಾಲೇಜುಗಳ ಲೈಬ್ರರಿ, ಎಲ್ಲ ಕಡೆ ವಿಚಾರಿಸಿ. ಚುನಾವಣೆಗೆ ಮೊದಲಿನ ಒಂದು ತಿಂಗಳು, ಫಲಿತಾಂಶದ ನಂತರದ ಒಂದು ವಾರ, ಇದನ್ನು ಪುಟ ಬಿಡದೆ ನೋಡಿ. ಉಳಿದದ್ದು ಆಮೇಲೆ.

ಸದನದಲ್ಲಿ ಏನು ಮಾಡಿದರು

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಶಾಸಕಿ ಅಂದರೆ ಶಾಸನಸಭೆಯ ಸದಸ್ಯೆ. ಅಲ್ಲಿ ಬಾಯಿ ಬಿಟ್ಟ ಪ್ರತಿ ಮಾತೂ ದಾಖಲಾಗುತ್ತದೆ. ವಿಧಾನಸಭೆಯ ನಡಾವಳಿ ಪುಸ್ತಕಗಳು ವಿಧಾನಸೌಧದ ಗ್ರಂಥಾಲಯದಲ್ಲಿ ಇವೆ, ವಿಧಾನಸಭೆಯ ಜಾಲತಾಣದಲ್ಲೂ ಬೇಕಾದಷ್ಟು ಸಿಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ, ಗಮನ ಸೆಳೆಯುವ ಸೂಚನೆ, ಶೂನ್ಯ ವೇಳೆ, ಬಜೆಟ್ ಮೇಲಿನ ಚರ್ಚೆ, ಒಂದೊಂದನ್ನೂ ಬೇರೆ ಬೇರೆ ಪಟ್ಟಿ ಮಾಡಿ. ಚುಕ್ಕೆ ಗುರುತಿನದ್ದಕ್ಕೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ.

ಒಂದು ಉತ್ತರದ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿ. ಮೇಲೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಅದರ ಪಕ್ಕ ಕ್ಷೇತ್ರ, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಅಂಕಣ. ಎಡಗಡೆ ಪ್ರಶ್ನೆ ಅ, ಆ, ಇ ಅಂತ ಒಡೆದಿರುತ್ತದೆ, ಬಲಗಡೆ ಉತ್ತರ. ಅ ಅನ್ನುವಲ್ಲಿ "ಇಂಥ ರಸ್ತೆ ಹಾಳಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ" ಅಂತ ಇದ್ದರೆ ಎದುರಿಗೆ ಒಂದೇ ಶಬ್ದ, "ಬಂದಿದೆ". ಆ ಅನ್ನುವಲ್ಲಿ "ಬಂದಿದ್ದಲ್ಲಿ ಕೈಗೊಂಡ ಕ್ರಮವೇನು" ಅಂದರೆ "ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು". ಇಲ್ಲಿಗೆ ನಿಲ್ಲಿಸಬೇಡಿ. ಅದೇ ರಸ್ತೆಯ ಬಗ್ಗೆ ಮುಂದಿನ ಅಧಿವೇಶನದಲ್ಲಿ ಆಕೆ ಮತ್ತೆ ಕೇಳಿದ್ದಾರಾ? ಮೂರನೇ ಸಲ ಕೇಳಿದಾಗ ಉತ್ತರದಲ್ಲಿ ಒಂದು ಮೊತ್ತ, ಒಂದು ಟೆಂಡರಿನ ದಿನಾಂಕ ಬಂದಿದೆಯಾ? ಬಂದಿದ್ದರೆ ಆ ಮೂರು ಹಾಳೆ ಒಟ್ಟಿಗೆ ಸೇರಿ ಅವರು ಕೆಲಸ ಮಾಡುವ ರೀತಿಯನ್ನು ತೋರಿಸುತ್ತವೆ. ಒಮ್ಮೆ ಕೇಳಿ ಬಿಟ್ಟಿದ್ದರೆ ಅದನ್ನೂ ಹಾಗೆಯೇ ಬರೆಯಿರಿ.

ವಿಷಯಗಳ ಪಟ್ಟಿಯನ್ನೂ ಗಮನಿಸಿ. ಕರಾವಳಿಯ ಶಾಸಕಿ ಅಡಿಕೆಯ ಹಳದಿ ರೋಗ, ಕುಮ್ಕಿ ಜಾಗ (ಸಾಗುವಳಿ ಜಮೀನಿಗೆ ತಾಗಿಕೊಂಡ, ರೈತ ಬಳಸುವ ಸರ್ಕಾರಿ ಜಾಗ), ಕಡಲ್ಕೊರೆತ, ಮೀನುಗಾರರ ಡೀಸೆಲ್ ಸಬ್ಸಿಡಿ, ಬೀಡಿ ಕಟ್ಟುವವರ ಪಿ.ಎಫ್. ಬಗ್ಗೆ ಎಷ್ಟು ಸಲ ಮಾತಾಡಿದ್ದಾರೆ? ಮಹಿಳೆ ಮತ್ತು ಮಕ್ಕಳ ಇಲಾಖೆಯ ಮೇಲೆ ಮಾತ್ರ ಮಾತಾಡಲು ಅವಕಾಶ ಸಿಕ್ಕಿತಾ, ಹಣಕಾಸು, ನೀರಾವರಿ, ಕಂದಾಯದ ಮೇಲೂ ಸಿಕ್ಕಿತಾ? ಮಂತ್ರಿಯಾಗಿದ್ದವರಾದರೆ ಯಾವ ಖಾತೆ ಕೊಟ್ಟರು ಅನ್ನುವುದರಲ್ಲೇ ಪಕ್ಷ ಅವರನ್ನು ಹೇಗೆ ನೋಡಿತು ಅನ್ನುವುದು ಇದೆ. ಒಂದು ಅಳತೆಗೆ ಬೇಕಾದರೆ ನೆನಪಿಡಿ, 1972ರಲ್ಲೇ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ ನಮ್ಮ ವಿಧಾನಸಭೆಯ ಸ್ಪೀಕರ್ ಆದವರು. ಮನೋರಮಾ ಅವರು ಮೊದಲ ಸಲ ಸದನಕ್ಕೆ ಹೋದಾಗ ಮೇಲಿನ ಕುರ್ಚಿಯಲ್ಲಿ ಕೂತವರು ಹೆಂಗಸು.

ಕ್ಷೇತ್ರದಲ್ಲಿ ಏನು ಮಾಡಿದರು

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಈಗ ವರ್ಷಕ್ಕೆ 2 ಕೋಟಿ. ಅದರ ಕಾಮಗಾರಿ ಪಟ್ಟಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಇರುತ್ತದೆ, ಉಡುಪಿಯವರಾದರೆ ಮಣಿಪಾಲದ ರಜತಾದ್ರಿಗೆ ಹೋಗಿ. ಬಾಯಲ್ಲಿ ಕೇಳಿ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದದ ಒಳಗೆ ಇರಬೇಕು. ಹಾಗಾಗಿ "ಎಲ್ಲ ಮಾಹಿತಿ ಕೊಡಿ" ಅಂತ ಬರೆಯಬೇಡಿ. ಇಂಥ ಇಸವಿಯಿಂದ ಇಂಥ ಇಸವಿ ತನಕ, ಇಂಥ ಕ್ಷೇತ್ರ, ಕಾಮಗಾರಿಯ ಹೆಸರು, ಮಂಜೂರಾದ ಮೊತ್ತ, ಇಷ್ಟೇ ಕೇಳಿ.

ತುಂಬ ಜನ ನೋಡದ ಇನ್ನೊಂದು ಕಡತ ಇದೆ, ಅಕ್ರಮ ಸಕ್ರಮ ಸಮಿತಿಯ ನಡಾವಳಿ. ಸರ್ಕಾರಿ ಜಾಗದಲ್ಲಿ ಸಾಗುವಳಿ ಮಾಡಿಕೊಂಡು ಬಂದವರಿಗೆ ಅದನ್ನು ಸಕ್ರಮ ಮಾಡಿಕೊಡುವ ಸಮಿತಿ ಇದು. ಆ ಸಮಿತಿಯ ಅಧ್ಯಕ್ಷರು ಶಾಸಕರು, ಕಾರ್ಯದರ್ಶಿ ತಹಶೀಲ್ದಾರರು. ನಮ್ಮ ಕಡೆ ಜಾಗದ ರೆಕಾರ್ಡು ಅಂದರೆ ಮನೆಯ ಮಾನ. ಎಷ್ಟು ಬೈಠಕ್ ಆಯಿತು, ಎಷ್ಟು ಅರ್ಜಿ ಪಾಸಾಯಿತು, ಎಷ್ಟು ಬಾಕಿ ಉಳಿಯಿತು, ತಾಲೂಕು ಕಚೇರಿಯಲ್ಲಿ ಕೇಳಿ. ಆಮೇಲೆ ಹಳ್ಳಿಗೆ ಹೋಗಿ, ಹಕ್ಕುಪತ್ರ ಸಿಕ್ಕಿದವರನ್ನು ಮಾತಾಡಿಸಿ. ಇಂಥ ಒಬ್ಬ ಅಮ್ಮನ ಜಗಲಿಯಲ್ಲಿ ನಾನು ಕೂತದ್ದುಂಟು. ಮಡಿಲಲ್ಲಿ ಬೀಡಿಯ ಗೆರಸೆ, ಮಾತಾಡುತ್ತಾ ಇದ್ದರೂ ಕೈ ನಿಲ್ಲುವುದಿಲ್ಲ. ಕತ್ತರಿಯಲ್ಲಿ ಎಲೆ ಕತ್ತರಿಸುವುದು, ಹೊಗೆಸೊಪ್ಪು ಹಾಕುವುದು, ಸುತ್ತಿ ನೂಲು ಕಟ್ಟುವುದು. ಹಕ್ಕುಪತ್ರದ ಮಾತು ಬಂದಾಗ ಮಾತ್ರ ಗೆರಸೆ ಪಕ್ಕಕ್ಕಿಟ್ಟು ಒಳಗೆ ಹೋದರು. ಕಪಾಟಿನಿಂದ ಪ್ಲಾಸ್ಟಿಕ್ ತೊಟ್ಟೆ ತಂದರು, ಅದರೊಳಗೆ ಇನ್ನೊಂದು ತೊಟ್ಟೆ, ಅದರೊಳಗೆ ರೇಷನ್ ಕಾರ್ಡಿನ ಜೊತೆ ಮಡಚಿದ ಹಕ್ಕುಪತ್ರ. ಅದರ ಮೇಲಿನ ತಾರೀಕು, ಸಹಿ ಎಲ್ಲ ಬರೆದುಕೊಂಡೆ. ಶಾಸಕಿ ಹತ್ತಿರ ಎಷ್ಟು ಸಲ ಹೋಗಿದ್ದಿರಿ ಅಂದರೆ ಲೆಕ್ಕ ಹೇಳಲಿಲ್ಲ, "ಅಕ್ಕ ಒಳಗೆ ಕರೆದು ಕೂರಿಸಿದರು, ಬೇರೆಯವರ ಕಚೇರಿಯಲ್ಲಿ ಗೇಟಿನ ಹತ್ತಿರವೇ ನಿಲ್ಲಬೇಕಿತ್ತು" ಅಂದರು. ನಿಧಿಯ ಪಟ್ಟಿಯಲ್ಲಿ ಈ ಮಾತು ಸಿಗುವುದಿಲ್ಲ. ಆದರೆ ಹಾಗೆ ಒಳಗೆ ಹೋಗದೆ ವಾಪಸಾದವರೂ ಇರುತ್ತಾರೆ, ಅವರನ್ನೂ ಹುಡುಕಿ ಕೇಳಲೇಬೇಕು.

ಯಾರನ್ನು ಮಾತಾಡಿಸಬೇಕು, ಹೇಗೆ

ಶಾಸಕಿಯನ್ನೇ ಮೊದಲು ಭೇಟಿ ಮಾಡಬೇಡಿ. ಕಾಗದ ನೋಡಿ ಆದ ಮೇಲೆ, ಬೇರೆಯವರನ್ನು ಮಾತಾಡಿಸಿದ ಮೇಲೆ ಹೋಗಿ. ಪಿ.ಎ., ಡ್ರೈವರ್, ಬೂತ್ ಏಜೆಂಟ್, ತಾಲೂಕಿನ ಹಳೆ ವರದಿಗಾರರು, ಗ್ರಾಮದ ಉಗ್ರಾಣಿ (ಗ್ರಾಮ ಸಹಾಯಕ), ಎದುರು ನಿಂತು ಸೋತವರು, ಎದುರು ನಿಂತು ಗೆದ್ದವರು. ಡ್ರೈವರಿಗೆ ಗೊತ್ತಿರುವಷ್ಟು ಊರು, ದಾರಿ, ಹೊತ್ತು ಯಾರಿಗೂ ಗೊತ್ತಿರುವುದಿಲ್ಲ. ತುಳುವಿನವರ ಹತ್ತಿರ ತುಳುವಿನಲ್ಲಿ, ಕೊಂಕಣಿಯವರ ಹತ್ತಿರ ಕೊಂಕಣಿಯಲ್ಲಿ, ಸುಳ್ಯದ ಕಡೆ ಅರೆಭಾಷೆಯಲ್ಲಿ ಮಾತಾಡಿಸಿ, ನಿಮಗೆ ಬರದಿದ್ದರೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಪುಸ್ತಕದ ಕನ್ನಡದಲ್ಲಿ ಕೇಳಿದರೆ ಭಾಷಣದ ಥರದ ಉತ್ತರವೇ ಬರುತ್ತದೆ. ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ. ಹೆಸರು ಹಾಕಬಾರದು ಅಂದರೆ ಹಾಕಬೇಡಿ.

ಶಾಸಕಿಯ ಹತ್ತಿರ ಕೂತಾಗ "ಮನೆ, ರಾಜಕೀಯ ಎರಡನ್ನೂ ಹೇಗೆ ನಿಭಾಯಿಸಿದಿರಿ ಮೇಡಂ" ಅಂತ ಕೇಳಬೇಡಿ. ಎಷ್ಟೋ ಜನ ಕೇಳಿ, ಎಷ್ಟೋ ಸಲ ಒಂದೇ ಉತ್ತರ ಕೊಟ್ಟು ಅವರಿಗೆ ಸಾಕಾಗಿರುತ್ತದೆ. ಅದರ ಬದಲು ಸಣ್ಣ ಸಣ್ಣ ವಿಷಯ ಕೇಳಿ. ಮೊದಲ ಚುನಾವಣೆಗೆ ದುಡ್ಡು ಎಲ್ಲಿಂದ ಬಂತು? ನಾಮಪತ್ರದ ದಿನ ಜೊತೆಗೆ ಯಾರು ಬಂದರು, ಯಾರು ಬರುತ್ತೇನೆಂದು ಬರಲಿಲ್ಲ? ಪ್ರಚಾರಕ್ಕೆ ಹೋದ ಹಳ್ಳಿಗಳಲ್ಲಿ ಶೌಚಾಲಯಕ್ಕೆ ಎಲ್ಲಿ ಹೋಗುತ್ತಿದ್ದಿರಿ? ಅಧಿವೇಶನಕ್ಕೆ ರಾತ್ರಿ ಶಿರಾಡಿ ಘಾಟಿ ಹತ್ತಿ ಇಳಿಯುವಾಗ ಜೊತೆಗೆ ಯಾರಿರುತ್ತಿದ್ದರು? ಟಿಕೆಟ್ ತೀರ್ಮಾನವಾದ ಸಭೆಯಲ್ಲಿ ನಿಮ್ಮನ್ನು ಕೂರಿಸಿದ್ದರಾ, ಹೊರಗೆ ಕಾಯಿಸಿದ್ದರಾ? ಇಂಥದ್ದಕ್ಕೆ ಸಿದ್ಧ ಉತ್ತರ ಇರುವುದಿಲ್ಲ, ಸ್ವಲ್ಪ ಯೋಚಿಸಿ ಮಾತಾಡುತ್ತಾರೆ. ಜಾತಿಯ ಲೆಕ್ಕಾಚಾರವನ್ನೂ ಕೇಳಿ. ಬಂಟರು, ಬಿಲ್ಲವರು, ಮೊಗವೀರರು, ಗೌಡರು ಅನ್ನುವ ಲೆಕ್ಕ ಹಾಕದೆ ನಮ್ಮ ಜಿಲ್ಲೆಗಳಲ್ಲಿ ಯಾವ ಪಕ್ಷವೂ ಟಿಕೆಟ್ ಕೊಡುವುದಿಲ್ಲ, ಅದನ್ನು ಬಿಟ್ಟು ಬರೆದರೆ ಅರ್ಧ ಕತೆ ಹೇಳಿದ ಹಾಗೆ.

ಪಂಚಾಯತಿನ ದಾರಿಯನ್ನು ಮಾತ್ರ ಮರೆಯಬೇಡಿ. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತುಗಳ ಚುನಾವಣೆ ಆದಾಗ ಹೆಂಗಸರಿಗೆ ಶೇ 25 ಮೀಸಲು ಇತ್ತು. 1993ರ ಕಾಯ್ದೆಯಲ್ಲಿ ಅದು ಮೂರನೇ ಒಂದು ಭಾಗವಾಯಿತು, 2010ರಲ್ಲಿ ಶೇ 50. ನಿಮ್ಮ ಶಾಸಕಿ ಈ ಏಣಿಯಿಂದ ಹತ್ತಿದವರಾ ಅಂತ ನೋಡಿ, ಹತ್ತಿದವರಾದರೆ ಪಂಚಾಯತಿನ ನಿರ್ಣಯ ಪುಸ್ತಕದಲ್ಲಿ ಅವರ ಸಹಿ ಸಿಗುತ್ತದೆ. ನನಗೆ ಬೇಸರ ಆಗುವ ವಿಷಯ ಏನೆಂದರೆ, 2016ರಲ್ಲಿ ಗೆದ್ದ ಜಿಲ್ಲಾ, ತಾಲೂಕು ಪಂಚಾಯತ್ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಳು ಕಳೆದರೂ ಚುನಾವಣೆ ನಡೆಯಲಿಲ್ಲ. ಹೆಂಗಸರು ಹತ್ತಿ ಬರುವ ಏಣಿಯ ನಡುವಿನ ಮೆಟ್ಟಿಲೇ ಇಲ್ಲ. ವಿಧಾನಸಭೆಗೆ ಮೂರನೇ ಒಂದು ಭಾಗ ಮೀಸಲು ಅಂತ 2023ರಲ್ಲಿ ಸಂವಿಧಾನ ತಿದ್ದುಪಡಿ ಆಗಿದೆ, ಆದರೆ ಅದು ಜಾರಿಗೆ ಬರುವುದು ಜನಗಣತಿ, ಕ್ಷೇತ್ರ ಪುನರ್ವಿಂಗಡಣೆ ಆದ ಮೇಲೆ. ಅಷ್ಟರ ತನಕ ಹೊಸಬರು ಎಲ್ಲಿ ಕೆಲಸ ಕಲಿಯಬೇಕು?

ಬರೆಯುವಾಗ

"ಮಹಿಳೆಯಾಗಿದ್ದರೂ" ಅನ್ನುವ ಶಬ್ದ ಬಂದರೆ ಹೊಡೆದು ಹಾಕಿ. ಸೀರೆ, ನಗು, ಅಡುಗೆ ಇವು ಅವರ ಕೆಲಸಕ್ಕೆ ಸಂಬಂಧ ಇಲ್ಲದಿದ್ದರೆ ಬೇಡ. ಹುಟ್ಟಿದ್ದರಿಂದ ಶುರು ಮಾಡಬೇಕು ಅಂತಲೂ ಇಲ್ಲ, ಟಿಕೆಟ್ ತಪ್ಪಿದ ದಿನದಿಂದ ಶುರು ಮಾಡಬಹುದು, ಒಂದು ಪ್ರಶ್ನೆಯ ಹಾಳೆಯಿಂದ ಶುರು ಮಾಡಬಹುದು. ಮೆಚ್ಚುಗೆ ಇದ್ದರೆ ಕಾರಣ ಕೊಟ್ಟು ಮೆಚ್ಚಿ, ತಪ್ಪು ಕಂಡರೆ ದಾಖಲೆ ಇಟ್ಟು ಹೇಳಿ. ಪಕ್ಷ ಬದಲಿಸಿದವರಾದರೆ ಎರಡೂ ಪಕ್ಷದವರ ಮಾತು ಬೇಕು. ಸೋತ ವರ್ಷಗಳಿಗೂ ಗೆದ್ದ ವರ್ಷಗಳಷ್ಟೇ ಜಾಗ ಕೊಡಿ, ಅಧಿಕಾರ ಇಲ್ಲದಾಗ ಮನೆ ಬಾಗಿಲಿಗೆ ಯಾರು ಬರುತ್ತಿದ್ದರು ಅನ್ನುವುದರಲ್ಲೇ ಎಷ್ಟೋ ವಿಷಯ ಇರುತ್ತದೆ.

ಬರೆದು ಮುಗಿದ ಮೇಲೆ ತಾರೀಕು, ಓಟಿನ ಸಂಖ್ಯೆ, ಹೆಸರುಗಳನ್ನು ಒಂದೊಂದಾಗಿ ಕಾಗದದ ಜೊತೆ ತಾಳೆ ನೋಡಿ. ಶಾಸಕಿಗೂ ಮನೆಯವರಿಗೂ ಆ ಭಾಗಗಳನ್ನು ತೋರಿಸಿ, ಮಾಹಿತಿ ತಪ್ಪಿದ್ದರೆ ತಿದ್ದಿ, ನಿಮ್ಮ ಅಭಿಪ್ರಾಯ ತಿದ್ದಲು ಹೇಳಿದರೆ ಒಪ್ಪಬೇಕಾಗಿಲ್ಲ. ಪ್ರಕಟವಾದ ಮೇಲೆ ಒಂದು ಪ್ರತಿ ಅವರ ಊರಿನ ಪಂಚಾಯತ್ ಗ್ರಂಥಾಲಯಕ್ಕೆ, ಒಂದು ಅವರು ಓದಿದ ಶಾಲೆಗೆ ಕೊಡಿ. ಕನ್ನಡ ವಿಕಿಪೀಡಿಯದಲ್ಲಿ ಅವರ ಪುಟ ಇಲ್ಲದಿದ್ದರೆ ಪತ್ರಿಕೆಯ ದಿನಾಂಕ, ಪುಟಸಂಖ್ಯೆ ಸಹಿತ ಶುರು ಮಾಡಿ. ರೆಕಾರ್ಡಿಂಗುಗಳನ್ನು ಫೋನಿನಲ್ಲೇ ಬಿಡಬೇಡಿ, ಎರಡು ಕಡೆ ಕಾಪಿ ಮಾಡಿ, ಫೈಲಿಗೆ ಹೆಸರು, ಊರು, ತಾರೀಕು ಬರೆದಿಡಿ.